ಗೋಡೆಯ ಮೇಲಿನ ತಂಬಿಗೆ

ಅಕ್ಷರ ಕೂಡಿಸಿ ಓದುವುದೇ ನನಗೆ ಕಷ್ಟ. ಆದರೂ ನಾನೊಂದು ಭಾಷೆ ಮಾಡಿದ್ದೇನೆ. ನಗುವವರು ನಗಲಿ.

ಸಾಂಬ್ರಾಣಿ ಬಿಟ್ಟು ಮಗನ ಜೊತೆ ದಾಂಡೇಲಿಗೆ ಬಂದಾಗ ಕಾಗದದ ಕಾರ್ಖಾನೆ ಹೊಸದು. ಮಗನಿಗೆ ರಾತ್ರಿ ಪಾಳಿ. ಹಗಲೆಲ್ಲ ಅವನ ಗೊರಕೆ. ಪಕ್ಕದ ಮನೆಯ ಸುಶೀಲಾಬಾಯಿಯ ಮಗನದೂ ಅದೇ ಪಾಳಿ. ಆಕೆ ಜೋಯಿಡಾ ಕಡೆಯವಳು, ಬಾಯಿಬಿಟ್ಟರೆ ಕೊಂಕಣಿ. ನನಗೆ ಅದು ಬಾರದು, ಅವಳಿಗೆ ಕನ್ನಡ ಬಾರದು. ಬಂದಿದ್ದರೂ ಕೂಗುವಂತಿರಲಿಲ್ಲ. ಹಾಗಾಗಿ ಹಿತ್ತಲ ಮೋಟುಗೋಡೆಯ ಮೇಲೆ ನಾನು ತಂಬಿಗೆ ಬೋರಲು ಹಾಕಿದೆ: ಮಗ ಮಲಗಿದ್ದಾನೆ. ಅದರ ಮೇಲೆ ಸೌಟು ಅಡ್ಡ ಇಟ್ಟರೆ ಆ ಮಾತು ಮುಗಿಯಿತು: ಎದ್ದಿದ್ದಾನೆ, ಬಂದು ಕೂಡು. ನಾನು ಮಾಡಿದ್ದು ಇಷ್ಟೇ.

ಬೆಳೆಸಿದವಳು ಅವಳು. ಒಂದು ದಿನ ಒಣಮೆಣಸಿನಕಾಯಿ ಇಟ್ಟು, ಒಳಗಿದ್ದ ತನ್ನ ಸೊಸೆಯ ಕಡೆ ಗದ್ದ ತಿರುಗಿಸಿದಳು. ಜಗಳ ಎಂದು ತಿಳಿಯಿತು. ಸಂಜೆ ನೋಡಿದರೆ ಮೆಣಸಿನಕಾಯಿಯ ಮೇಲೆ ಸೌಟು. ಜಗಳ ಮುಗಿದಿದೆ. ಇದನ್ನು ನಾನು ಕಲಿಸಿರಲಿಲ್ಲ. ನನ್ನ ಸೌಟಿಗೆ ಅಷ್ಟು ಬಲವಿದೆ ಎಂದು ನನಗೇ ಗೊತ್ತಿರಲಿಲ್ಲ. ಹೊಸದನ್ನು ಯಾರು ಬೇಕಾದರೂ ಸೇರಿಸಬಹುದು, ಹಳೆಯದನ್ನು ಕೆಡಿಸಬಾರದು. ಒಮ್ಮೆ ನಾನು ಸೋಮಾರಿತನದಿಂದ ಎಲೆಅಡಿಕೆ ಬೇಕೆನ್ನಲು ತಂಬಿಗೆಯನ್ನೇ ಬೋರಲು ಹಾಕಿ ಬಾಯಿ ತೋರಿಸಿದೆ. ಕೈಮೇಲೆ ಹೊಡೆದಳು. ತೆಂಗಿನ ಚಿಪ್ಪು ತಂದು ಪಕ್ಕಕ್ಕಿಟ್ಟಳು. ಅಂದಿನಿಂದ ಎಲೆಅಡಿಕೆಗೆ ಚಿಪ್ಪು.

"ಅವ್ವಾ, ಗ್ವಾಡಿ ಮ್ಯಾಲ ಬಾಂಡೆ ಅಂಗಡಿ ಇಟ್ಟೀಯೇನು?" ಎಂದ ಮಗ.

"ನೀ ಮಕ್ಕೋ. ನಿನ್ನ ಸಲುವಾಗೇ ಇಟ್ಟೇನಿ."

ಆಮೇಲೆ ಸುಶೀಲಾಬಾಯಿಯ ಮಗನಿಗೆ ಕುಳಗಿಯ ಕಾಡಿನಲ್ಲಿ ಕೆಲಸ ಸಿಕ್ಕಿತು, ಹೋದರು. ಕುಳಗಿ ದೂರವೇನಲ್ಲ. ಆದರೆ ನಮ್ಮ ಗೋಡೆ ಅಷ್ಟು ಉದ್ದವಿಲ್ಲ.

ಆ ಮನೆಯಲ್ಲಿ ಧಾರವಾಡ ಕಡೆಯ ಹುಡುಗಿಯೊಬ್ಬಳು ಸಂಸಾರ ಹೂಡಿದಳು. ಕನ್ನಡದವಳೇ, ಕರೆದರೆ ಬರುತ್ತಿದ್ದಳು. ನಾನು ಕರೆಯಲಿಲ್ಲ. ಕೈ ರೂಢಿ ಬಿಡದೆ ತಂಬಿಗೆ ಬೋರಲು ಹಾಕಿ ಸೌಟು ಅಡ್ಡ ಇಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಆ ಹುಡುಗಿ ತುಂಬಿದ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು.

"ಅಜ್ಜಿ, ಮಜ್ಜಿಗಿ ಮುಗದೈತಿ ಅಂತ ಬಾಯಿಬಿಟ್ಟು ಹೇಳಾಕ ಏನ್ರೀ ನಾಚಿಗಿ? ನಾ ಏನ್ ಹೊರಗಿನಾಕೇನು?"

ಅವಳ ಕೈಮೇಲೂ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಮಜ್ಜಿಗೆಗೆ ಇಂಗಿನ ಒಗ್ಗರಣೆ ಬಿದ್ದಿತ್ತು, ಕುಡಿದೆ.

ಈಗಲೂ ದಿನಾ ಮಗ ಎದ್ದ ಮೇಲೆ ತಂಬಿಗೆ ಬೋರಲು ಹಾಕಿ, ಸೌಟು ಇಟ್ಟು, ಹಿತ್ತಲಲ್ಲೇ ಸ್ವಲ್ಪ ಹೊತ್ತು ಕೂಡುತ್ತೇನೆ. ಯಾಕೆಂದು ಮಗ ಕೇಳಿದರೆ ಮಜ್ಜಿಗೆಗೆ ಎನ್ನುತ್ತೇನೆ.