ಅಮೋಗಸಿದ್ಧನ ಮೂಗಿನ ಮಹಿಮೆ

ಆ ಸಲದ ಈಸ್ಟರ್ ಧೂಪವನ್ನು ಸ್ವರ್ಗದ ಹೊಸ್ತಿಲಿಗೆ ಮುಟ್ಟಿಸಿಯೇ ತೀರುತ್ತೇನೆಂದು ಅಮೋಗಸಿದ್ಧ ಪಣ ತೊಟ್ಟ. ಚಪಳಗಾಂವದಲ್ಲಿ ಕುರಿ ಕಾಯ್ದ ಮೂಗು ಅದು! ನಾಳೆ ಯಾವ ಕುರಿಗೆ ಜ್ವರ ಬರುತ್ತದೆಂದು ಇವತ್ತೇ ಹೇಳುತ್ತಿತ್ತು. ಸೊಲ್ಲಾಪುರಕ್ಕೆ ಬಂದು ಕ್ರೈಸ್ತನಾದ ಮೇಲೆ ಆ ಮೂಗಿಗೆ ಚರ್ಚಿನ ಧೂಪ ಸಿಕ್ಕಿತು. ಪ್ರಾರ್ಥನೆ ಕಣ್ಣಿಗೆ ಕಾಣುವುದಿಲ್ಲ, ಅದು ಮೇಲೇರುವುದನ್ನು ಧೂಪ ಮೂಗಿಗೆ ತಿಳಿಸುತ್ತದೆ ಎಂದು ಪಾದ್ರಿಗಳು ಹೇಳಿದ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತ್ತು.

ಹಬ್ಬಕ್ಕೆ ಪುಣೆಯಿಂದ ಹಿರಿಯ ಪಾದ್ರಿಗಳು ಬರುವವರಿದ್ದರು. ಅವರ ಮುಂದೆ ಸರಿಯಾಗಿ ಧೂಪ ಬೀಸಿದರೆ ಆ ಸೇವೆ ಅವನಿಗೇ ಕಾಯಂ. ಚರ್ಚಿನ ಸರಪಳಿ ಧೂಪದಾನಿಯನ್ನು ಮನೆಗೆ ತಂದು ಹುಣಸೆಹಣ್ಣಿನಿಂದ ಉಜ್ಜಿದ, ತಳಕ್ಕೆ ಬೂದಿ ಹಾಸಿದ, ಮುಟ್ಟಬೇಡವೆಂದು ಹೆಂಡತಿ ಸೋಮವ್ವನಿಗೆ ಮೂರು ಸಲ ಹೇಳಿದ.

"ಈ ಸೊಲ್ಲಾಪುರದಾಗ ನನ್ನಂಥ ಮೂಗು ಇನ್ನೊಂದಿಲ್ಲ."

"ಹಂಗ ಅನಬ್ಯಾಡ್ರಿ, ದೃಷ್ಟಿ ಆಗ್ತದ," ಎಂದಳು ಸೋಮವ್ವ.

ಚರ್ಚಿನಲ್ಲಿ ಬೂದಿಯ ಮೇಲೆ ಕೆಂಡ ಬಿತ್ತು, ಕೆಂಡದ ಮೇಲೆ ಧೂಪ ಬಿತ್ತು. ಮೊದಲ ಬೀಸಿಗೆ ಹಾಲಿನಂಥ ಹೊಗೆ ಎದ್ದು ಎಲ್ಲರೂ ಭಕ್ತಿಯಿಂದ ಕಣ್ಣು ಮುಚ್ಚಿದರು. ಎರಡನೆಯದಕ್ಕೆ ಹಿರಿಯ ಪಾದ್ರಿಗಳು ಸೀನಿದರು. ಮೂರನೆಯದಕ್ಕೆ ಹಾಡುವವರೆಲ್ಲ ಕೆಮ್ಮಿದರು. ಜನರ ಕಣ್ಣಲ್ಲಿ ಧಾರೆಧಾರೆ ನೀರು! ಇದೆಂಥ ಪಶ್ಚಾತ್ತಾಪವೆಂದು ಅಮೋಗಸಿದ್ಧ ಹಿಗ್ಗಿ ಇನ್ನೂ ಜೋರಾಗಿ ಬೀಸಿದ. ಊರಿಗೆಲ್ಲ ತಿಳಿದ ಮೇಲೆ ಆ ಹೆಸರಾಂತ ಮೂಗಿಗೆ ತಿಳಿಯಿತು: ಒಣ ಮೆಣಸಿನಕಾಯಿ!

ಪೂಜೆ ಮುಗಿದ ಮೇಲೆ ತಲೆ ತಗ್ಗಿಸಿ ಧೂಪದಾನಿಯನ್ನು ಹಿರಿಯರ ಮುಂದೆ ಇಟ್ಟ. ಅವರು ಕಣ್ಣೊರೆಸಿಕೊಂಡು ನಕ್ಕರು. ಹುಟ್ಟಿದ ಕೂಸು ಯೇಸುವಿನ ಹತ್ತಿರ ಮೊದಲು ಬಂದದ್ದು ಕುರುಬರ ಕಂಬಳಿಯ ವಾಸನೆ, ಅದಕ್ಕೂ ದೇವರು ಮೂಗು ಮುಚ್ಚಿಕೊಳ್ಳಲಿಲ್ಲ, ಇನ್ನು ಈ ಘಾಟಿಗೆ ಮುಚ್ಚಿಕೊಳ್ಳುತ್ತಾನೆಯೇ ಎಂದರು. ಸೇವೆ ನಿನ್ನದೇ, ಆದರೆ ಮುಂದಿನ ಸಲ ಬೂದಿ ಕೆದಕಿ ನೋಡು ಎಂದೂ ಹೇಳಿದರು.

ಅಮೋಗಸಿದ್ಧನಿಗೆ ಎದೆ ತುಂಬಿ ಬಂತು. ಆ ತುಂಬಿದ ಎದೆಯೊಂದಿಗೇ ಮನೆಗೆ ಬಂದು ಸೋಮವ್ವನ ಮುಂದೆ ನಿಂತ. ಅವಳು ಏನನ್ನೂ ಮುಚ್ಚಿಡಲಿಲ್ಲ. ಅವನು ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಹಿಂದಿನಿಂದ ಏಳು ಮೆಣಸಿನಕಾಯಿ ನಿವಾಳಿಸಿ, ಒಲೆಯ ಬೆಂಕಿಗಿಂತ ದೇವರ ಬೆಂಕಿ ಗಟ್ಟಿಯೆಂದು ಧೂಪದಾನಿಯ ಬೂದಿಯೊಳಗೆ ಹುಗಿದಿಟ್ಟಿದ್ದಳಂತೆ.

"ಘಾಟು ಬಂತೇನ್ರಿ?"

"ಇಡೀ ಚರ್ಚು ಕೆಮ್ಮಿತು."

ಸೋಮವ್ವ ನಿರಾಳವಾಗಿ ಉಸಿರು ಬಿಟ್ಟಳು. "ದೃಷ್ಟಿ ಆಗಿದ್ರ ಮೆಣಸಿನಕಾಯಿ ಸುಟ್ರೂ ಘಾಟು ಬರಂಗಿಲ್ಲ. ನಿಮ್ಮ ಮೂಗಿನ ಮ್ಯಾಲ ಈ ಊರಾಗ ಒಬ್ಬರ ಕಣ್ಣೂ ಬಿದ್ದಿಲ್ಲ ಬಿಡ್ರಿ."