ಖಾರಪುಡಿ ಅಕ್ಕನೂ ಗಂಡಸರ ಸಹಕಾರವೂ

ಹಳ್ಳಿಯ ಹೆಂಗಸರಿಗೆ ಸ್ವಂತ ಉದ್ಯೋಗ ಹಚ್ಚಿಕೊಡುವುದು ನನ್ನ ನೌಕರಿಯಾಗಿತ್ತು. ಹೈದರಾಬಾದಿನ ನಾರಾಯಣಗೂಡದ ಮನೆಯಿಂದ ಬೆಳಿಗ್ಗೆ ಭಾಳ ಗಂಭೀರವಾಗಿ ಹೊರಡುತ್ತಿದ್ದೆ. ಸಂಜೆ ಮರಳುವಾಗ ಗಾಂಭೀರ್ಯ ಉಳಿದಿರುತ್ತಿರಲಿಲ್ಲ. ಆಗಿನ್ನೂ ಆಂಧ್ರ ಒಂದೇ ಇತ್ತು. ನಮ್ಮ ಯೋಜನೆಗಳು ಮಾತ್ರ ಹತ್ತಾರು.

೧. ಹೆಂಗಸರ ಸಭೆ

ಜಹೀರಾಬಾದ್ ಕಡೆಯ ಒಂದು ಹಳ್ಳಿಯಲ್ಲಿ ಮಹಿಳಾ ಸಂಘ ಕಟ್ಟಲು ಸಭೆ ಕರೆದಿದ್ದೆ. ಅಲ್ಲಿ ಕನ್ನಡವೂ ನಡೆಯುತ್ತದೆ, ಹಾಗಾಗಿ ನನಗೆ ಹುರುಪು. ಹೋಗಿ ನೋಡಿದರೆ ಜಮಖಾನೆ ತುಂಬ ಗಂಡಸರು.

“ಹೆಂಗಸರು ಎಲ್ಲೆದಾರ್ರಿ?”

“ಹೊಲಕ್ಕ ಹೋಗ್ಯಾರ್ರಿ. ಅವರಿಗೆ ಪುರಸೊತ್ತು ಎಲ್ಲೈತಿ? ನೀವು ನಮಗ ಹೇಳ್ರಿ, ನಾವು ಅವರಿಗೆ ಹೇಳ್ತೀವಿ.”

ಬಂದ ತಪ್ಪಿಗೆ ಸ್ತ್ರೀ ಸ್ವಾವಲಂಬನೆಯ ಬಗ್ಗೆ ಭಾಷಣ ಮಾಡಿದೆ. ಎಲ್ಲರೂ ತಲೆದೂಗಿದರು. ಕೊನೆಗೆ ಹಿರಿಯರೊಬ್ಬರು ಎದ್ದು, “ಭಾಳ ಛಲೋ ಹೇಳಿದ್ರಿ. ಮಹಿಳಾ ಸಂಘಕ್ಕ ಅಧ್ಯಕ್ಷರು ಯಾರಂತ ಆಗಲೇ ಠರಾವು ಮಾಡೀವಿ,” ಎಂದು ತಮ್ಮ ಅಳಿಯನನ್ನು ಮುಂದೆ ತಳ್ಳಿದರು. ಅಳಿಯ ಮೀಸೆ ನೀವಿಕೊಂಡು ನಮಸ್ಕಾರ ಮಾಡಿದ.

೨. ಗಿರಣಿ

ಮುಂದಿನ ಸಲ ಸಭೆಯನ್ನು ಹೊಲದಲ್ಲೇ ಇಟ್ಟುಕೊಂಡೆ. ಅಲ್ಲಿ ಒಬ್ಬ ಗಂಡಸೂ ಇರಲಿಲ್ಲ.

ಅಲ್ಲಿ ಸಿಕ್ಕ ಒಬ್ಬ ಅಕ್ಕ ಖಾರಪುಡಿ ಮಾರುತ್ತಿದ್ದಳು. ಒರಳಿನಲ್ಲಿ ಕುಟ್ಟಿ ಕುಟ್ಟಿ ರಟ್ಟೆ ಸೋತಿದ್ದವು, ಗಿರಣಿ ಬೇಕೆಂದಳು. ನಾವಿಬ್ಬರು ಹೆಂಗಸರೂ ಹೈದರಾಬಾದಿಗೆ ಬಂದು, ಆಟೋದಲ್ಲಿ ನಾಚಾರಂನ ಗಿರಣಿ ಅಂಗಡಿಗೆ ಹೋದೆವು. ಆಟೋದವನು ನೀರು ಕುಡಿಯಲೆಂದು ನಮ್ಮ ಹಿಂದೆಯೇ ಅಂಗಡಿಯೊಳಗೆ ಬಂದ.

“ಇದು ಒಣಮೆಣಸಿನಕಾಯಿನೂ ಬೀಸ್ತೈತೇನ್ರಿ?” ಎಂದು ಅಕ್ಕ ಕೇಳಿದರೆ, ಅಂಗಡಿಯವ ಉತ್ತರ ಹೇಳಿದ್ದು ಆಟೋದವನಿಗೆ. ಮೋಟರು, ಬೆಲ್ಟು, ಗ್ಯಾರಂಟಿ, ಎಲ್ಲವನ್ನೂ ಅವನಿಗೇ ವಿವರಿಸಿದ. ಅವನೂ ಶಾಂತವಾಗಿ ಕೇಳಿದ.

“ಔರ್ ಕುಛ್ ಪೂಛನಾ ಹೈ, ಸಾಬ್?” ಇನ್ನೇನಾದರೂ ಕೇಳುವುದಿದೆಯೇ ಎಂದು ಕೊನೆಗೆ ಅವನನ್ನೇ ವಿಚಾರಿಸಿದ.

“ಹೌ,” ಎಂದು ತಲೆಯಾಡಿಸಿದ ಆಟೋದವನು, ಇನ್ನೆಷ್ಟು ಹೊತ್ತು ಹಿಡಿಯುತ್ತದೆಂದು ನಮ್ಮನ್ನು ಕೇಳಲು ಹೇಳಿದ. “ಮೇಡಂ ಕೋ ಪೂಛೋ, ಔರ್ ಕಿತ್ತಾ ಟೈಮ್ ಲಗ್ತಾ. ಮೀಟರ್ ಚಲ್ ರಾ.”

೩. ಶಾಲು

ಗಿರಣಿ ಬಂದ ಮೇಲೆ ಅಕ್ಕನ ಖಾರಪುಡಿ ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳ ಅಡಿಗೆಮನೆ ಮುಟ್ಟಿತು. ಹೈದರಾಬಾದಿನಲ್ಲಿ ಆಕೆಗೊಂದು ಸನ್ಮಾನವೂ ನಿಗದಿಯಾಯಿತು. ನಿರೂಪಕ, “ಯಶಸ್ವಿ ಮಹಿಳೆಯ ಹಿಂದೆ ಒಬ್ಬ ಪುರುಷ ಇದ್ದೇ ಇರುತ್ತಾನೆ,” ಎನ್ನುತ್ತ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಆಕೆಯ ಗಂಡನನ್ನು ವೇದಿಕೆಗೆ ಕರೆಸಿದ.

“ಹೆಂಡತಿಗೆ ನೀವು ಏನೇನು ಸಹಾಯ ಮಾಡಿದಿರಿ?”

ಗಂಡ ಗಾಬರಿಯಾಗಿ, “ನಾ ಏನೂ ಮಾಡಿಲ್ಲರಿ,” ಎಂದ.

ಚಪ್ಪಾಳೆ. “ಎಂಥ ವಿನಯ!” ಎಂದ ನಿರೂಪಕ.

“ಖರೇನರಿ, ಏನೂ ಮಾಡಿಲ್ಲ.”

ಇನ್ನೂ ಜೋರು ಚಪ್ಪಾಳೆ. ಮುಖ್ಯ ಅತಿಥಿಗಳ ಕಣ್ಣು ಒದ್ದೆಯಾಯಿತು. ಅಕ್ಕನಿಗೆಂದು ತಂದಿದ್ದ ಶಾಲನ್ನು ತೆಗೆದು ಅವನಿಗೇ ಹೊದಿಸಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಅಕ್ಕ ಸಾವಕಾಶ ಮೈಕಿನ ಹತ್ತಿರ ಬಂದಳು.

“ಸಾಹೇಬ್ರ, ಅದು ವಿನಯ ಅಲ್ಲರಿ. ಮದುವಿ ಆದಾಗಿಂದ ಇವತ್ತ ಮೊದಲ ಸಲ ಖರೇ ಹೇಳ್ಯಾರ. ಶಾಲು ಅವರಿಗೇ ಇರಲಿ.”