ಬೆಳಿಗ್ಗೆ ಸಾಹುಕಾರ, ಸಂಜೆ ಬಡವ

ಅಣ್ಣಾಸಾಹೇಬರ ಶನಿವಾರವನ್ನು ಕೆಡಿಸಿದ್ದು ಎರಡು ಈಮೇಲುಗಳು. ಮಗಳು ವೈಷ್ಣವಿ ಕಡಲಜೀವಿಗಳ ಬಗ್ಗೆ ಓದಲು ಆಸೆಪಟ್ಟಿದ್ದ ದೂರದ ಪುಟ್ಟ ಖಾಸಗಿ ಕಾಲೇಜು ಅವಳನ್ನು ವೇಟಿಂಗ್ ಲಿಸ್ಟಿನಲ್ಲಿ ಇಟ್ಟಿತ್ತು. ಈಗ ಕಾಲೇಜಿನವರೇ ಇವರಿರುವ ಹ್ಯೂಸ್ಟನ್‌ಗೆ ಬಂದು ಹೋಟೆಲೊಂದರಲ್ಲಿ ಇಳಿದಿದ್ದರು. ಭಾನುವಾರ ಬೆಳಿಗ್ಗೆ ಬನ್ನಿ ಎಂದು ಅಡ್ಮಿಷನ್ ಆಫೀಸು ಕರೆದಿತ್ತು, ಅದೇ ಸಂಜೆ ಬನ್ನಿ ಎಂದು ಫೀಸಿಗೆ ಸಹಾಯ ಕೊಡುವ ಆಫೀಸು ಕರೆದಿತ್ತು.

ಊರಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ತೈಲ ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದ ಅಣ್ಣಾಸಾಹೇಬರು ಬಡವರ ಸಾಲಿಗೂ ಸೇರದ, ಸಾಹುಕಾರರ ಪಂಕ್ತಿಯಲ್ಲೂ ಎಲೆ ಸಿಗದ ಮನುಷ್ಯ. ಈಮೇಲಿನ ಸುದ್ದಿ ಹೊರಬಿದ್ದದ್ದೇ ತಡ, ಪಕ್ಕದ ಮನೆಯ ಮೋಟೆಲ್ ಮಾಲೀಕ ನೀಲಕಂಠಪ್ಪ ಚಹಾದ ಹೊತ್ತಿಗೆ ಹಾಜರಾದರು.

"ಈ ಕಾಲೇಜು ನೀಡ್-ಅವೇರ್ ಐತ್ರಿ!"

"ಹಂಗಂದ್ರ?"

"ರೊಕ್ಕದ ಸಹಾಯ ಬೇಕು ಅನ್ನೋರ ಮಕ್ಕಳನ್ನ ಹಿಂದ ಸರಸ್ತಾರ, ಪೂರಾ ಫೀಸ್ ಕೊಡೋರ ಮಕ್ಕಳನ್ನ ಒಳಗ ಕರೀತಾರ. ಬೆಳಿಗ್ಗೆ ನೀವು ಸಾಹುಕಾರ ಕಾಣಬೇಕು. ನನ್ನ ಸೂಟ್ ಹಾಕ್ಕೋರಿ, ನನ್ನ ಗಾಡಿ ತಗೊಂಡ್ ಹೋಗ್ರಿ."

ಎದುರುಮನೆಯ ಮೈಸೂರಿನ ಹರ್ಷಿಣಿ ಆಗಲೇ ಬಾಗಿಲಲ್ಲಿದ್ದಳು. ಕಳೆದ ವರ್ಷ ತನ್ನ ಮಗನ ಕಾಲೇಜಿನವರ ಜೊತೆ ಚೌಕಾಸಿ ಮಾಡಿ ಗೆದ್ದವಳು. "ಸೀಟ್ ಸಿಕ್ಕಿದ್ಮೇಲೆ ಫೀಸ್ ಯಾರು ಕಟ್ತಾರೆ ಸಾರ್? ಸಂಜೆ ನೋಡಿದೋರು ಅಯ್ಯೋ ಪಾಪ ಅನ್ನೋ ಹಾಗಿರ್ಬೇಕು. ನಮ್ಮನೆಯವರು ಗ್ಯಾರೇಜಿಗೆ ಪೇಂಟ್ ಹೊಡೆದ ಶರ್ಟ್ ಕೊಡ್ತೀನಿ. ನನ್ನ ಮಗನ ಹಳೇ ಕಾರೂ ಇದೆ."

"ಅಪ್ಪಾ, ಪ್ಲೀಸ್! ಜಸ್ಟ್ ಟೆಲ್ ದೆಮ್ ದ ಟ್ರುತ್," ಎಂದಳು ವೈಷ್ಣವಿ.

"ನೀ ಸುಮ್ನಿರವಾ. ಖರೇ ಹೇಳಿದ್ದಕ್ಕ ವೇಟಿಂಗ್ ಲಿಸ್ಟ್‌ನ್ಯಾಗ ಕುಂತಿ," ಎಂದರು ಅಣ್ಣಾಸಾಹೇಬರು.

ನೀಲಕಂಠಪ್ಪನವರ ನೀಲಿ ಸೂಟಿನಲ್ಲಿ ಅಣ್ಣಾಸಾಹೇಬರಂಥವರು ಇಬ್ಬರು ಹಿಡಿಯುತ್ತಿದ್ದರು. ಮರುದಿನ ಬೆಳಿಗ್ಗೆ ಪ್ಯಾಂಟಿಗೆ ಪಿನ್ನು ಚುಚ್ಚಿಕೊಂಡು ಮಗಳೊಂದಿಗೆ ಹೊರಟರು. ಹೋಟೆಲಿನ ಮುಂದೆ ಕಾರು ನಿಂತಿತು, ಆದರೆ ಬಾಗಿಲು ತೆರೆಯುವ ಗುಂಡಿ ಯಾವುದೆಂದು ತಿಳಿಯಲಿಲ್ಲ. ಒಂದನ್ನು ಒತ್ತಿದರೆ ಸೀಟು ಮಂಚದಂತೆ ಮಲಗಿತು, ಇನ್ನೊಂದನ್ನು ಒತ್ತಿದರೆ ಬೆನ್ನಿಗೆ ಮಸಾಜು ಶುರುವಾಯಿತು. ಕೊನೆಗೆ ಬಂದವರ ಕಾರು ನಿಲ್ಲಿಸಿಕೊಡುವ ಹೋಟೆಲಿನ ಆಳು ಹೊರಗಿನಿಂದ ಬಾಗಿಲು ತೆಗೆದು, ತೊಟ್ಟಿಲಿನ ಕೂಸನ್ನು ಎತ್ತುವಂತೆ ಅವರನ್ನು ಎಬ್ಬಿಸಿದ. ವೈಷ್ಣವಿ ಮುಖ ಮುಚ್ಚಿಕೊಂಡಳು.

ಒಳಗೆ ಅಡ್ಮಿಷನ್ ಆಫೀಸಿನ ಮಿಸೆಸ್ ವಿಟೇಕರ್ ಸಣ್ಣಗೆ ನಕ್ಕು ಕೇಳಿದರು: "ಫೀಸು ನಿಮಗೆ ಹೊರೆಯಾಗುವುದಿಲ್ಲವೇ?"

"ಹೊರೆಯೇ?" ಒಂದು ಕೈಯಲ್ಲಿ ಪ್ಯಾಂಟು ಹಿಡಿದಿದ್ದ ಅಣ್ಣಾಸಾಹೇಬರಿಗೆ ಸೂಟು ನೆತ್ತಿಗೇರಿತ್ತು. "ನಮ್ಮದು ದಾಸೋಹದ ನಾಡು ಮೇಡಂ. ನಮ್ಮ ಮಕ್ಕಳಿಗಷ್ಟೇ ಉಣಿಸಿ ನಾವು ಎದ್ದು ಹೋಗುವುದಿಲ್ಲ. ಟೆಕ್ಸಾಸಿನ ಇನ್ನೊಂದು ಬಡ ಮಗುವಿನ ಫೀಸನ್ನೂ ಬೇಕಾದರೆ ನಾನೇ ಕಟ್ಟುತ್ತೇನೆ!"

ವೈಷ್ಣವಿ ಮೇಜಿನ ಕೆಳಗೆ ಅಪ್ಪನ ಕಾಲು ತುಳಿದಳು. ಅಷ್ಟರಲ್ಲಿ ವಿಟೇಕರ್ ಆ ದಾನದ ಒಪ್ಪಿಗೆ ಹಾಳೆಯನ್ನು ಮುಂದೆ ಸರಿಸಿದ್ದರು. ಹಿಂದೆ ಸರಿದರೆ ಸೂಟಿಗೆ ಅವಮಾನ. ಅಣ್ಣಾಸಾಹೇಬರು ಸಹಿ ಹಾಕಿದರು. ಹೊರಗೆ ಬಂದಾಗ ಬೆವತಿದ್ದರು, ಆದರೂ ಮಗಳಿಗೆ ಧೈರ್ಯ ಹೇಳಿದರು: "ಯಾರೂ ನೆನಪಿಟ್ಟುಕೊಳ್ಳೂದಿಲ್ಲ ಬಿಡು. ಇಂಥಾವು ಅವ್ರ ಹತ್ರ ನೂರಾರು ಇರ್ತಾವು."

ಸಂಜೆ ಬಣ್ಣದ ಕಲೆಯ ಶರ್ಟು ಹಾಕಿಕೊಂಡು ಹಳೇ ಕಾರಿನಲ್ಲಿ ಅದೇ ಹೋಟೆಲಿಗೆ ಬಂದರು. ಟೇಪು ಸುತ್ತಿದ್ದ ಬಂಪರು ಬಾಗಿಲ ಮುಂದೆಯೇ ಕಳಚಿಬಿತ್ತು. ಬೆಳಿಗ್ಗೆ ಟಿಪ್ಸ್ ಇಸ್ಕೊಂಡು ಸಲಾಮು ಹೊಡೆದಿದ್ದ ಆಳಿಗೆ ಗುರುತೇ ಹತ್ತಲಿಲ್ಲ. "ಪೇಂಟರ್‌ಗಳು ಹಿಂದಿನ ಬಾಗಿಲಿಂದ ಹೋಗಬೇಕು," ಎಂದ. ಅಣ್ಣಾಸಾಹೇಬರಿಗೆ ಒಳಗೊಳಗೇ ಖುಷಿಯಾಯಿತು. ವೇಷ ಫಲಿಸಿದೆ!

ಅಡುಗೆಮನೆ ದಾಟಿ, ಪಾತ್ರೆ ತೊಳೆಯುವವರಿಗೆಲ್ಲ ಹಲ್ಲು ಗಿಂಜಿ, ಮೇಲಿನ ಕೋಣೆಯ ಬಾಗಿಲು ತಳ್ಳಿದರು.

ಒಳಗೆ ಕೂತಿದ್ದವರು ಮಿಸೆಸ್ ವಿಟೇಕರ್.

"ಬನ್ನಿ. ನಮ್ಮದು ಚಿಕ್ಕ ಕಾಲೇಜು, ಎರಡೂ ಆಫೀಸು ನಾನೇ ನೋಡುತ್ತೇನೆ," ಎಂದರು ಆಕೆ.

ಅಣ್ಣಾಸಾಹೇಬರು ಗೋಡೆಗೆ ಅಂಟಿಸಿದ ಪೋಸ್ಟರಿನಂತೆ ನಿಂತರು. ಅಭ್ಯಾಸ ಮಾಡಿಕೊಂಡು ಬಂದಿದ್ದ ಕಷ್ಟದ ಕತೆ ಬಿಟ್ಟು, ಶರ್ಟಿನ ಕಲೆಗಳನ್ನು ಕೈಯಿಂದ ಮುಚ್ಚಿಕೊಳ್ಳತೊಡಗಿದರು.

"ನಿಮ್ಮ ಟ್ಯಾಕ್ಸ್ ಪೇಪರು ಮೊದಲಿನಿಂದಲೂ ನನ್ನ ಹತ್ತಿರ ಇದೆ. ಬಟ್ಟೆ ಬದಲಾಯಿಸುವ ತೊಂದರೆ ಬೇಕಿರಲಿಲ್ಲ," ಎಂದು ವಿಟೇಕರ್ ಮೃದುವಾಗಿ ಹೇಳಿದರು. "ಇರಲಿ, ಒಳ್ಳೆಯ ಸುದ್ದಿ ಇದೆ. ವೈಷ್ಣವಿಗೆ ಸೀಟು ಕೊಟ್ಟಿದ್ದೇವೆ. ಸಹಾಯದ ಹಣ ಈ ವರ್ಷ ಮುಗಿದುಹೋಗಿತ್ತು. ಪುಣ್ಯಕ್ಕೆ ಬೆಳಿಗ್ಗೆ ನೀಲಿ ಸೂಟಿನವರೊಬ್ಬರು ಬಂದು, ಟೆಕ್ಸಾಸಿನ ಒಂದು ಮಗುವಿನ ಫೀಸು ಪೂರ್ತಿ ತಮ್ಮದೇ ಎಂದು ಸಹಿ ಹಾಕಿ ಹೋದರು. ಅದನ್ನು ನಿಮ್ಮ ಮಗಳಿಗೇ ಕೊಟ್ಟಿದ್ದೇನೆ. ನಿಮಗೆ ಒಪ್ಪಿಗೆಯೇ?"

ಒಪ್ಪದೆ ವಿಧಿಯಿರಲಿಲ್ಲ. ಒಪ್ಪದಿದ್ದರೆ ಆ ಸಹಿ ಬೇರೆ ಯಾರದೋ ಮಗುವಿನ ಫೀಸು ಕಟ್ಟಿಸುತ್ತಿತ್ತು. ಅಣ್ಣಾಸಾಹೇಬರು ತಮ್ಮ ದಾನವನ್ನು ತಾವೇ ಕೈಮುಗಿದು ಸ್ವೀಕರಿಸಿದರು.

ಮನೆ ಮುಂದೆ ನೀಲಕಂಠಪ್ಪ, ಹರ್ಷಿಣಿ ಇಬ್ಬರೂ ಕಾದು ನಿಂತಿದ್ದರು. "ಸೀಟ್ ಸಿಕ್ತು ಅಂಕಲ್! ಫುಲ್ ಏಡ್!" ಎಂದ ವೈಷ್ಣವಿ ನಗು ತಡೆಯಲಾರದೆ ಒಳಗೆ ಓಡಿದಳು.

"ನಾನ್ ಹೇಳಿರ್ಲಿಲ್ವಾ ಸಾರ್, ಶರ್ಟಿನ ಮಹಿಮೆ!" ಎಂದಳು ಹರ್ಷಿಣಿ.

"ಶರ್ಟ್ ಅಲ್ರೀ, ಸೂಟು!" ಎಂದರು ನೀಲಕಂಠಪ್ಪ. "ಫೀಸ್ ಕೊಟ್ಟವರ್ಯಾರ್ರೀ?"

"ಯಾರೋ ಒಬ್ಬ ದಾನಿ," ಎಂದು ಅಣ್ಣಾಸಾಹೇಬರು ನೆಲ ನೋಡಿದರು.

ನೀಲಕಂಠಪ್ಪ ಅವರ ಹೆಗಲಿಗೆ ಕೈಹಾಕಿ ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಆ ಪುಣ್ಯಾತ್ಮನ ಫೋನ್ ನಂಬರ್ ಇಸ್ಕೊಂಡ್ರೇನು? ಬರೋ ವರ್ಷ ನಮ್ಮ ಮಗಳು ಸಾನ್ವಿನೂ ಕಾಲೇಜಿಗೆ ಹೋಗಾಕಿ ಅದಾಳ್ರಿ!"